ಎನ್.ಡಬ್ಲ್ಯೂ.ಎಫ್.ಪಿ. ಕಪಾಟು

ಸಹಿ ತನ್ನದೇ. ಇನ್ನೊಮ್ಮೆ ನೋಡಿದ. ನಾಶಪಡಿಸಿದ ಕಡತಗಳ ಪಟ್ಟಿ, ಹದಿನಾಲ್ಕು ಕಟ್ಟು, ಕೆಳಗೆ ಉಪ ದಾಖಲೆ ಅಧಿಕಾರಿಯ ಸೊಗಸಾದ ಗೀಚು.

ದಾಖಲೆ ಕೋಣೆಯಲ್ಲಿ ಕಟ್ಟಿನ ಬೆನ್ನಿಗೆ ಅಂಟಿಸಿದ ಚೀಟಿಯೇ ವೇದವಾಕ್ಯ. ಬಿಚ್ಚಿ ನೋಡುವ ವಾಡಿಕೆಯಿಲ್ಲ. ಎನ್.ಡಬ್ಲ್ಯೂ.ಎಫ್.ಪಿ. ಎಂದರೆ ಮರಮುಟ್ಟು ಬಿಟ್ಟು ಕಾಡಿನಿಂದ ಬರುವ ಜೇನು, ಅಂಟು, ಮೇಣ. ಮೂವತ್ತು ವರ್ಷವಾದ ಮೇಲೆ ನಾಶ. ಎನ್.ಡಬ್ಲ್ಯೂ.ಎಫ್.ಪಿ. ಎಂದರೆ ಈಗ ಆ ಹೆಸರಿಲ್ಲದ ಹಳೆಯ ವಾಯವ್ಯ ಗಡಿ ಪ್ರಾಂತ್ಯವೂ ಹೌದು. ದೇಶ ವಿಭಜನೆಯಾದಾಗ ಅಲ್ಲಿಂದ ವಲಸೆ ಬಂದವರ ನೋಂದಣಿ ಕಡತ ಶಾಶ್ವತ. ಕಳೆದ ತಿಂಗಳು ಅವನು ಶಾಶ್ವತವನ್ನು ಕಾಗದದ ಗಿರಣಿಗೆ ಕಳಿಸಿದ್ದ. ಕಾಡು ಕಪಾಟಿನಲ್ಲೇ ಉಳಿದಿತ್ತು. ಎಂ.ಎ. ಬೇರೆ ಓದಿದ್ದ, ಅದೂ ಇತಿಹಾಸದಲ್ಲಿ!

ಬಾಗಿಲಾಚೆ ಬೆಂಚಿನ ಮೇಲೆ ಮುದುಕಿ ಬೆಳಗ್ಗೆಯಿಂದ ಕೂತಿದ್ದಳು.

"ಸಿಕ್ತೇನಪ್ಪಾ?"

"ಹುಡುಕ್ತಾ ಇದೀನಮ್ಮ."

"ನಮ್ಮಪ್ಪನ ಹೆಸರಿನ ಕೆಳಗೆ ನಂದೂ ಇದೆ. ಆಗ ನಂಗೆ ಮೂರು ವರ್ಷ. ಶುಕ್ರವಾರ ಆ ಕಾಗದ ತೋರಿಸ್ದೇ ಇದ್ರೆ ನಾನು ಈ ದೇಶದವಳೇ ಅಲ್ವಂತೆ. ಕಳಿಸಿಬಿಡ್ತಾರಂತೆ. ಎಲ್ಲಿಗೆ ಅಂದ್ರೆ ಅವರಿಗೂ ಗೊತ್ತಿಲ್ಲ." ಮುದುಕಿ ನಕ್ಕಳು.

ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುವ ಮಾತು ಒಂದೇ ಇತ್ತು, ನಾಳೆ ಬನ್ನಿ. ಅದನ್ನು ಸೋಮವಾರವೂ ಮಂಗಳವಾರವೂ ಹೇಳಿಯಾಗಿತ್ತು. ಇಂದು ಬುಧವಾರ.

ಜವಾನ ಹತ್ತಿರ ಬಂದು ಪಿಸುಗುಟ್ಟಿದ. "ತಪ್ಪಿ ನಾಶ ಆಯ್ತು ಅಂತ ಬರೆದುಕೊಟ್ಬಿಡಿ ಸಾರ್. ಅದನ್ನಾದ್ರೂ ತೋರಿಸ್ಕೋತಾರೆ, ಪಾಪ."

"ಬರೆದುಕೊಡೋರು ಯಾರು?"

"ಸಹಿ ಹಾಕಿದೋರು."

"ನಿನ್ನ ಕೆಲಸ ನೋಡ್ಕೋ."

ಬರೆದುಕೊಟ್ಟರೆ ಅವಳು ಉಳಿಯುತ್ತಾಳೆ, ತನ್ನ ಕೆಲಸ ಹೋಗುತ್ತದೆ. ಲೆಕ್ಕ ಇಷ್ಟು ಸರಳವಾಗಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕೈ ಪೆನ್ನಿನ ಕಡೆ ಹೋಗಲಿಲ್ಲ.

ಎದ್ದು ಕಪಾಟಿನ ಹಿಂದೆ ಹೋದ. ಹುಡುಕುವ ಸದ್ದು ಅವಳಿಗೆ ಕೇಳಲೆಂದು ಉಳಿದ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಕುಕ್ಕತೊಡಗಿದ. ಧೂಳೆದ್ದು ಸೀನು ಬಂತು. ಒಂದರ ದಾರ ಹರಿಯಿತು. ಒಳಗೆ ಕಾಡಿನ ಅಂಟಿನ ಮಾದರಿ, ಮೂವತ್ತೈದು ವರ್ಷದ್ದು, ಪೊಟ್ಟಣದಲ್ಲಿ ಜೋಪಾನವಾಗಿತ್ತು. ಬೆವರಿದ ಬೆರಳುಗಳಿಗೆ ಅದು ಮೆಲ್ಲಗೆ ಮೆತ್ತಿಕೊಂಡಿತು.

"ಸದ್ದು ನಿಲ್ತಲ್ಲಾ! ಸಿಕ್ತೇನಪ್ಪಾ?"

ಬಿಡಿಸಿಕೊಳ್ಳಲು ನೋಡಿದ. ಬೆರಳಿಗೆ ಬೆರಳು ಅಂಟಿತ್ತು. ಇನ್ನೊಂದು ಕೈಯಿಂದ ಮತ್ತೊಂದು ಕಟ್ಟನ್ನೆತ್ತಿ ಜೋರಾಗಿ ಕುಕ್ಕಿದ.