ಕಂಟ್ರೋಲರ್ ಹೊಳೆಪ್ಪನವರ ಎರಡೂವರೆ ತಾಸು

ಹೊಳೆಪ್ಪನವರು ಯಾರ ಮನೆಯ ಹೊಸ್ತಿಲನ್ನೂ ಹೇಳಿದ ಹೊತ್ತಿಗಿಂತ ಮೊದಲು ದಾಟಿದವರಲ್ಲ. ಹೊತ್ತು ಮೀರಿ ದಾಟಿದ್ದಂತೂ ಇಲ್ಲವೇ ಇಲ್ಲ. ಹತ್ತು ಗಂಟೆಗೆ ಊಟಕ್ಕೆ ಬನ್ನಿ ಎಂದು ಕರೆದರೆ ಒಂಬತ್ತು ನಲವತ್ತಕ್ಕೇ ಬಂದು ನಮ್ಮ ಮನೆಯೆದುರಿನ ಬೇವಿನ ಮರದ ಕೆಳಗೆ, ಸಾಕ್ಷಿ ಹೇಳಲು ಬಂದವರಂತೆ ಕೈಕಟ್ಟಿ ನಿಂತಿರುತ್ತಿದ್ದರು. ನನ್ನ ಹೆಂಡತಿ ಕಿಟಕಿಯಿಂದ ಕಂಡು ಒಳಗೆ ಕರೆದರೆ, ಮಣಿಕಟ್ಟಿನ ಒಳಮೈಗೆ ಕಟ್ಟಿದ ಗಡಿಯಾರವನ್ನು ತಿರುಗಿಸಿ ನೋಡಿ, "ಇನ್ನಾ ಹನ್ನೆರಡ ಮಿನಿಟ್ ಐತ್ರಿ ಅಕ್ಕಾರ, ನಿಮ್ಮ ಕೆಲಸ ನೀವು ಮಾಡ್ಕೋರಿ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ನನ್ನಂಥ ಗಂಡನ ದಾರಿ ಕಾಯುತ್ತಲೇ ಬಂದ ಆಕೆಗೆ ಅವರ ಮೇಲೆ ಹುಟ್ಟಿದ ಗೌರವದಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುವಷ್ಟು ಅಂಶವಿತ್ತು.

ಹದಿನಾಲ್ಕು ವರ್ಷ ಅವರು ಗೋಕಾಕ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದರು. ಬಸ್ಸುಗಳ ಬರವು ಹೋಗುವಿಕೆಗಳ ಮೇಲೆ ಅಧಿಕಾರ ನಡೆಸುವ ಆ ಗಾಜಿನ ಕೋಣೆಯಲ್ಲಿ ಕುಳಿತು ಮೈಕಿನ ಗುಂಡಿ ಒತ್ತಿದರೆ ಸಾಕು, ಶಾಸನ ಓದುವ ಗಾಂಭೀರ್ಯ ಅವರ ಕಂಠಕ್ಕೆ ಬಂದುಬಿಡುತ್ತಿತ್ತು: "ಪ್ರಯಾಣಿಕರ ಗಮನಕ್ಕೆ. ಹುಕ್ಕೇರಿ ಮಾರ್ಗವಾಗಿ ಸಂಕೇಶ್ವರಕ್ಕೆ ತೆರಳುವ ವಾಹನವು ನಾಲ್ಕನೆಯ ಅಂಕಣದಿಂದ ಇನ್ನು ಹನ್ನೊಂದು ನಿಮಿಷಗಳಲ್ಲಿ ನಿರ್ಗಮಿಸಲಿದೆ." ಗುಂಡಿಯಿಂದ ಬೆರಳು ತೆಗೆದೊಡನೆ ಅದೇ ಬಾಯಿಂದ, "ಏ ಡ್ರೈವರಾ, ಛಾ ಏನ ಆಸಾಮದಿಂದ ಬರಬೇಕೇನೋ? ಎಬ್ಬಿಸೋ ಗಾಡಿ!" ಎಂಬ ಗೋಕಾಕದ ಗದ್ಯ ಹೊರಡುತ್ತಿತ್ತು. ನಡೆಯುವಾಗ ಮೈಯನ್ನು ತುಸು ಮುಂದಕ್ಕೆ ಬಾಗಿಸಿ, ಬೆನ್ನ ಹಿಂದೆ ಕೈ ಜೋಡಿಸಿ, ಎಂಟು ಹತ್ತು ಹೆಜ್ಜೆಗೊಮ್ಮೆ ನಿಂತು ಗಡಿಯಾರ ನೋಡಿ ಮತ್ತೆ ಸಾಗುವರು. ದಾರಿಯುದ್ದಕ್ಕೂ ಅವರಿಗೆ ಮಾತ್ರ ಕಾಣುವ ಸ್ಟಾಪುಗಳಿದ್ದವೋ ಏನೋ.

ನನಗೂ ಅವರಿಗೂ ಪರಿಚಯವಾದದ್ದು ಒಂದು ಅವಮಾನದ ಮೂಲಕ. ಮೂಡಲಗಿಯಿಂದ ದಿನಾ ಗೋಕಾಕಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳಿ ಬರುವ ನಾನು, ಒಂದು ಸಂಜೆ ಒಂದೇ ಚಪ್ಪಲಿಯಲ್ಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಹೊರಟ ಮೂಡಲಗಿ ಬಸ್ಸಿನತ್ತ ಓಡಿದೆ. ಕೈ ಬೀಸಿದೆ. ಅವರು ನನ್ನನ್ನು ನೋಡಿದರು, ಗಡಿಯಾರ ನೋಡಿದರು, ನೋಡಿ ಸೀಟಿ ಊದಿದರು. ಬಸ್ಸು ಹೋಯಿತು. ಜಗಳ ಮಾಡಲು ಹೋದವನಿಗೆ ಛಾ ತರಿಸಿ, ಗೋಡೆಯ ಮೇಲಿನ ವೇಳಾಪಟ್ಟಿ ತೋರಿಸಿ ಹೇಳಿದರು:

"ಈ ಬೋರ್ಡ್ ನೋಡ್ರಿ ಸರ. ಗೌಡಗೂ ಅದ ಹೇಳ್ತೈತಿ, ನಂಗೂ ಅದ ಹೇಳ್ತೈತಿ. ಊರಾಗ ಹಂಗ ಎಲ್ಲಾರಿಗೂ ಒಂದ ಹೇಳೂ ವಸ್ತು ಮತ್ತ ಯಾವುದೈತಿ ತೋರಸ್ರಿ."

ನಾನು ಛಾ ಕುಡಿದು ಮುಂದಿನ ಬಸ್ಸಿಗೆ ಮನೆಗೆ ಹೋದೆ.

ಅವರ ನೀಲಿ ಕೋಟಿನ ವಿಷಯವೂ ಹೀಗೆಯೇ. ಮಮದಾಪುರದ ಕೂಲಿಯವರ ಮಗ ಹೊಳೆಪ್ಪ ಮೊದಲ ಪಗಾರದಲ್ಲಿ ಹೊಲಿಸಿದ ಕೋಟದು. ಮೇ ತಿಂಗಳ ಬಿಸಿಲಲ್ಲೂ ಮಹತ್ವದ ಕಾರ್ಯಕ್ಕೆ ಅದಿಲ್ಲದೆ ಹೊರಟದ್ದಿಲ್ಲ. ಬೆವರು ಕಂಡು ನಾನೊಮ್ಮೆ ಚೇಷ್ಟೆ ಮಾಡಿದಾಗ ನಗುತ್ತಲೇ ಅಂದರು: "ನಮ್ಮಪ್ಪ ಅಂಗಿ ಹಾಕ್ಕೊಂಡ ದೊಡ್ಡವರ ಮನಿ ಮುಂದ ಹಾಯೂವಂಗ ಇರ್ಲಿಲ್ರಿ. ಅದಕ್ಕ ಅವನ ಪಾಲಿಂದೂ ಕೂಡಿಸಿ ನಾ ಅಂಗಿ ಮ್ಯಾಲ ಕೋಟ ಹಾಕ್ಕೋತೀನಿ. ಟೈಮಿಂದೂ ಅಷ್ಟ ಸರ. ನಾವು ಒಂದ ಮಿನಿಟ್ ತಡಾ ಮಾಡಿದ್ರ 'ಇವರ ಹಣೇಬಾರ ಇಷ್ಟ' ಅಂತಾರ. ಒಂದ ಮಿನಿಟ್ ಮೊದಲ ಹ್ವಾದ್ರ 'ಇವರಿಗೆ ಅವಸರ ನೋಡ್ರಿ' ಅಂತಾರ. ಬರೋಬ್ಬರಿ ಹ್ವಾದ್ರ ಯಾರಿಗೂ ಬಾಯಿ ಇರೂದಿಲ್ಲ."

ನಿವೃತ್ತಿಯಾದ ಎರಡನೆಯ ವರ್ಷ ಅವರ ಮಗಳು ದೀಪಾ ಮತ್ತು ಅಳಿಯ ಓಂಕಾರ ಒಂದು ಸಾಹಸ ಯೋಜಿಸಿದರು: ಮುಂಬೈಯಿಂದ ಗೋವಾ ಕಡೆ ಹೋಗಿ ಬರುವ ಮೂರು ದಿನದ ಹಡಗಿನ ಪ್ರವಾಸ. ಓಂಕಾರ ನನ್ನ ಹಳೆಯ ವಿದ್ಯಾರ್ಥಿ. "ಮಾವಾರಿಗೆ ಜೋಡಿ ಬೇಕ್ರಿ ಸರ" ಎಂದು ನನ್ನನ್ನೂ ಎಳೆದುಕೊಂಡ. ಧುಪದಾಳದ ಒಡ್ಡಿನ ನೀರನ್ನಷ್ಟೇ ಕಂಡು ಬೆಳೆದ ನಾನು ವಾಂತಿಯ ಗುಳಿಗೆಗಳನ್ನೂ, ಅಗಲ ಅಂಚಿನ ಒಂದು ಟೋಪಿಯನ್ನೂ ಕೊಂಡು ಸಿದ್ಧನಾದೆ. ಟೋಪಿ ಕಂಡು ಹೊಳೆಪ್ಪನವರು, "ಸರ, ಗದ್ದ್ಯಾಗ ಹಕ್ಕಿ ಬೆದರ್ಸಾಕ ಹೊಂಟೀರೇನು?" ಎಂದರು.

ಬಸ್ಸು ನಮ್ಮನ್ನು ಬೆಳಗಿನ ಆರಕ್ಕೆ ದಾದರಿನಲ್ಲಿ ಇಳಿಸುವುದು, ಮಧ್ಯಾಹ್ನ ಮೂರಕ್ಕೆ ಹಡಗಿನ ಬಾಗಿಲು ಮುಚ್ಚುವುದು. ನಡುವಿನ ಒಂಬತ್ತು ತಾಸಿನಲ್ಲಿ ಇಡೀ ಮುಂಬೈಯನ್ನು ಹಿಂಡಿ ಕುಡಿಯುವ ಪಟ್ಟಿಯೊಂದನ್ನು ದೀಪಾ ಬರೆದಿದ್ದಳು: ಚೈತ್ಯಭೂಮಿ, ಗೇಟ್‌ವೇ, ಲೋಕಲ್ ರೈಲು, ಬಟಾಟೆ ವಡೆ, ಚೌಪಾಟಿ. ಆ ಪಟ್ಟಿಯನ್ನು ಅಪ್ಪನ ಕೈಗೆ ಕೊಟ್ಟದ್ದೇ ತಡ, ಅದು ಕೆಂಪು ಶಾಯಿಯಲ್ಲಿ ಡ್ಯೂಟಿ ಚಾರ್ಟಾಗಿ ಹೊರಬಂತು. ಮಧ್ಯದಲ್ಲಿ ಒಂದು ಸಾಲು ಅವರೇ ಸೇರಿಸಿದ್ದರು: "೧೦.೧೫ ರಿಂದ ೧೨.೪೫. ಹೊಳೆಪ್ಪ. ಖಾಸಗಿ."

"ಏನಪ್ಪಾ ಇದು ಖಾಸಗಿ?" ಎಂದಳು ಮಗಳು.

"ಖಾಸಗಿ ಅಂದ್ರ ಖಾಸಗಿ."

ಚೈತ್ಯಭೂಮಿಯಲ್ಲಿ, ಸಂವಿಧಾನ ಬರೆದ ಮಹನೀಯರ ಸಮಾಧಿಯೆದುರು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೈಮುಗಿದು ನಿಂತರು. ಹತ್ತೂ ಹದಿನೈದಕ್ಕೆ ಮಗಳನ್ನೂ ಅಳಿಯನನ್ನೂ ಗೇಟ್‌ವೇ ಕಡೆಗೆ ರವಾನಿಸಿ, ನನ್ನತ್ತ ತಿರುಗಿ, "ಸರ, ನೀವು ಬರ್ರಿ ನನ್ನ ಜೋಡಿ. ಒಬ್ನ ಹೋದ್ರ ಒಳಗ ಹೋಗೂದಿಲ್ಲ ನಾ" ಎಂದರು. ಬಟಾಟೆ ವಡೆಯ ಆಸೆಯನ್ನು ನುಂಗಿಕೊಂಡು ಟ್ಯಾಕ್ಸಿ ಹತ್ತಿದೆ. ಅದು ನಿಂತದ್ದು ದೊಡ್ಡದೊಂದು ಆಸ್ಪತ್ರೆಯ ಮುಂದೆ.

ಗೇಟಿನೆದುರು ಒಂದು ಮರ, ಅದರ ಬುಡದಲ್ಲೊಂದು ಕಲ್ಲುಬೆಂಚು. ಅದರ ಮೇಲೆ ಕುಳಿತು ಹೊಳೆಪ್ಪನವರು, ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರದ ಸಂಗತಿಯನ್ನು, ಬಸ್ಸು ಕೆಟ್ಟು ನಿಂತ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು.

ಅವರ ಹೆಂಡತಿ ಸೀತವ್ವ ಹನ್ನೊಂದು ವರ್ಷದ ಹಿಂದೆ ಕ್ಯಾನ್ಸರಿನಿಂದ ತೀರಿಕೊಂಡದ್ದು ಇದೇ ಆಸ್ಪತ್ರೆಯಲ್ಲಿ. ಅಷ್ಟು ನನಗೆ ಗೊತ್ತಿತ್ತು. ಕೊನೆಯ ಎರಡು ದಿನ ಡಾಕ್ಟರು ಅವರ ಕೈಗೆ ಕೆಂಪು ಪಾಸು ಕೊಟ್ಟಿದ್ದರಂತೆ. ಅದಿದ್ದವರು ಯಾವ ಹೊತ್ತಿಗಾದರೂ ಒಳಗೆ ಹೋಗಬಹುದು ಎಂದು ಬಾಯಿಬಿಟ್ಟು ಹೇಳಿಯೂ ಇದ್ದರಂತೆ. ಆದರೆ ಗೇಟಿನ ಬೋರ್ಡಿನಲ್ಲಿ ಭೇಟಿಯ ಹೊತ್ತು ನಾಲ್ಕರಿಂದ ಆರು ಎಂದಿತ್ತು. ಆ ದಿನ ಮೂರಕ್ಕೇ ಬಂದು, ಕೆಂಪು ಪಾಸನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಈ ಬೆಂಚಿನ ಮೇಲೆ ನಾಲ್ಕರ ತನಕ ಕುಳಿತರು. ನಾಲ್ಕಕ್ಕೆ ಬರೋಬ್ಬರಿ ಒಳಗೆ ಹೋದಾಗ ಸೀತವ್ವನ ಮುಖದ ಮೇಲೆ ಹೊದಿಕೆ ಎಳೆದು ಹದಿನೈದು ನಿಮಿಷವಾಗಿತ್ತು.

"ವಾರ್ಡಿನ್ಯಾಗ ಕನ್ನಡ ಬರ್ತಿದ್ದ ಆಯಾ ಒಬ್ಬಾಕಿ ಇದ್ಲು. ಗುಡ್ಡವ್ವ ಅಂತ. 'ಅಕ್ಕಾ ಏನೇನೋ ಹೇಳ್ಯಾಳ ಅಣ್ಣಾ, ಕಾಗದಪತ್ರ ಮುಗೀಲಿ, ನಿಂತ ಹೇಳ್ತೀನಿ' ಅಂದ್ಲು. ಅಂಬ್ಯುಲೆನ್ಸ್ ಆರಕ್ಕ ಅಂದಿದ್ರು. ಆರಕ್ಕ ಹೊಂಟ ಬಿಟ್ನಿ."

"ಆಮ್ಯಾಲ ಬರಬೇಕಿತ್ತಲ್ರಿ, ಇಷ್ಟ ವರ್ಷದಾಗ?"

"ಬಂದ್ರ ಕೇಳಬೇಕಾಕ್ಕೇತಲ್ರಿ ಸರ."

ಆಗ ನನಗೆ ಆ ಕೆಂಪು ಶಾಯಿಯ ಸಾಲಿನ ಅರ್ಥ ಹೊಳೆಯಿತು. ಇದಕ್ಕೆಂದೇ ಗೋಕಾಕದಿಂದ ಹೊರಟು ಬರುವ ಧೈರ್ಯ ಅವರಿಗೆ ಎಂದೂ ಸಾಲುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಿತು ಎಂಬ ನೆಪವೂ, ಮೂರಕ್ಕೆ ಹಡಗು ಎಂಬ ತಪ್ಪಿಸಿಕೊಳ್ಳುವ ಬಾಗಿಲೂ ಇದ್ದುದರಿಂದಷ್ಟೇ ಬಂದಿದ್ದರು. ಗೇಟಿನ ಬೋರ್ಡಿನಲ್ಲಿ ಈಗ ಹನ್ನೊಂದರಿಂದ ಒಂದು ಎಂದಿತ್ತು. ಹತ್ತೂ ಐವತ್ತು. ಒಳಗೆ ಹೋಗೋಣ ಎಂದೆ. ಅವರು ಗಡಿಯಾರ ತಿರುಗಿಸಿದರು. ಹತ್ತು ನಿಮಿಷ ಹಾಗೆಯೇ ಕುಳಿತೆವು. ಜೀವಮಾನದಲ್ಲಿ ನಾನು ಯಾವುದಕ್ಕಾದರೂ ಹೊತ್ತಿಗೆ ಮುಂಚೆ ಬಂದು ಕಾದದ್ದಿದ್ದರೆ ಅದೊಂದೇ ಸಲ, ಮತ್ತು ಆ ಅನುಭವ ಯಾರಿಗೂ ಬೇಡ.

ಮೂರನೆಯ ಮಹಡಿಯ ವಾರ್ಡಿನಲ್ಲಿ ಹಳೆಯ ನರ್ಸ್ ಒಬ್ಬಳು ಸಿಕ್ಕಳು. ಆಯಾ ಗುಡ್ಡವ್ವ ಮಾವಶಿಯೇ? ಅವಳು ನಿವೃತ್ತಳಾಗಿ ಊರಿಗೆ ಹೋಗಿ ಆರು ವರ್ಷವಾಯಿತು. ಯಾವ ಊರು? ಅದೇ, ಕರ್ನಾಟಕದ ಹುಕ್ಕೇರಿ.

ಹೊಳೆಪ್ಪನವರು ಮೆಟ್ಟಿಲಿಳಿದು ಮತ್ತೆ ಅದೇ ಬೆಂಚಿನ ಮೇಲೆ ಕುಳಿತು, ಮೈಕಿನ ಗುಂಡಿ ಒತ್ತಿದವರಂತೆ ತಮ್ಮಷ್ಟಕ್ಕೇ ಅಂದರು: "ಹುಕ್ಕೇರಿ ಮಾರ್ಗವಾಗಿ ಸಂಕೇಶ್ವರಕ್ಕೆ. ನಾಲ್ಕನೆಯ ಅಂಕಣ." ತಮ್ಮ ನಿವೃತ್ತಿಯ ತನಕ ನಾಲ್ಕು ವರ್ಷ, ದಿನಕ್ಕೆ ಎಷ್ಟೋ ಸಲ, ಗುಡ್ಡವ್ವನ ಊರಿಗೆ ಹೋಗುವ ಗಾಡಿಯನ್ನು ತಾವೇ ಸೀಟಿ ಊದಿ ಕಳಿಸಿದ್ದರು.

ಹಡಗು ಹತ್ತಿದೆವು. ಮೂರು ದಿನದ ಆ ಸಮುದ್ರ ವಿಹಾರದ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚಿಲ್ಲ. ಅರ್ಧ ಹೊತ್ತು ಬಕೆಟ್ಟಿನ ಮೇಲೆ ಬಾಗಿದ್ದೆ, ಟೋಪಿ ಮೊದಲ ದಿನವೇ ಅರಬ್ಬೀ ಸಮುದ್ರದ ಪಾಲಾಯಿತು. ಐದಕ್ಕೆ ಹೊರಡಬೇಕಾದ ಹಡಗು ಐದೂ ಇಪ್ಪತ್ತಕ್ಕೆ ಹೊರಟಾಗ, ಕಪ್ತಾನ ಧ್ವನಿವರ್ಧಕದಲ್ಲಿ ಏನೋ ಗೊಣಗಿದಾಗ, ಹೊಳೆಪ್ಪನವರು "ಮೈಕ್ ಹಿಡಿಯಾಕ ಬರೂದಿಲ್ಲ ಇವಂಗ" ಎಂದದ್ದೊಂದೇ ಅವರ ಹಾಸ್ಯ. ಉಳಿದಂತೆ, ಜನರೆಲ್ಲ ಕುಣಿಯುತ್ತ, ಈಜುತ್ತ, ತಿನ್ನುತ್ತ ಇದ್ದಾಗ ಅವರು ನೀಲಿ ಕೋಟು ತೊಟ್ಟು ಕಟಾಂಜನ ಹಿಡಿದು ನಿಂತಿರುತ್ತಿದ್ದರು. ಹೋಗಬೇಕಾದ ಜಾಗ ಗೊತ್ತಾದ ಮನುಷ್ಯನನ್ನು ನಡುನೀರಿನಲ್ಲಿ ಮೂರು ದಿನ ಸುತ್ತಿಸುವುದಕ್ಕಿಂತ ಕ್ರೂರವಾದ ವಿನೋದ ಇರಲಾರದು.

ಊರಿಗೆ ಮರಳಿದ ಮರುದಿನ ನಾವಿಬ್ಬರೂ ಹುಕ್ಕೇರಿಗೆ ಹೋದೆವು. ವಿಚಾರಿಸುತ್ತ ಗುಡ್ಡವ್ವನ ಮನೆ ಮುಟ್ಟಿದೆವು. ಇಲ್ಲೊಂದು ತೊಡಕಾಯಿತು: ಯಾರೂ ಹೊತ್ತು ಹೇಳಿರಲಿಲ್ಲ. ಬೋರ್ಡಿಲ್ಲದ ಬಾಗಿಲ ಮುಂದೆ ಹೊಳೆಪ್ಪನವರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಮತ್ತೆ ಗಡಿಯಾರ ನೋಡಿದರು. ಅಷ್ಟರಲ್ಲಿ ಕಟ್ಟೆಯ ಮೇಲೆ ಮೆಂತೆಸೊಪ್ಪು ಸೋಸುತ್ತಿದ್ದ ಮುದುಕಿ ತಲೆಯೆತ್ತಿದಳು.

"ಬರ್ರಿ ಕಂಟ್ರೋಲರ್ ಅಣ್ಣಾ. ಒಳಗ ಬರ್ರಿ, ಬಿಸಲಾಗ ಯಾಕ ನಿಂತೀರಿ?"

"ಗುರ್ತ ಐತೇನವಾ ನಂದು?"

"ಐತ್ರಿ. ಗೋಕಾಕ ಸ್ಟ್ಯಾಂಡಿನ್ಯಾಗ ನಿಮ್ಮ ಖಿಡಕಿ ಮುಂದ ಎಷ್ಟ ಸಲ ಬಂದ ನಿಂತೇನಿ. 'ನಾಕನೇ ನಂಬರಿಗೆ ಹೋಗ ಯವ್ವಾ, ಹನ್ನೊಂದ ಮಿನಿಟ್ ಐತಿ' ಅಂತಿದ್ರಿ. ಹೋಗ್ತಿದ್ನಿ."

"ಮತ್ಯಾಕ ಹೇಳ್ಲಿಲ್ಲವಾ?"

"ನೀವು ಕೇಳ್ಲಿಲ್ಲಲ್ರಿ ಅಣ್ಣಾ. ಕೇಳದವರಿಗೆ ಅಂಥಾದ್ದ ಹೆಂಗ ಹೇಳೂದು?"

ಅವರು ಕಟ್ಟೆಯ ಮೇಲೆ ಕುಳಿತರು. ಗುಡ್ಡವ್ವ ಸೊಪ್ಪಿನ ಪುಟ್ಟಿಯನ್ನು ಬದಿಗೆ ಸರಿಸಿದಳು. ಹನ್ನೊಂದು ವರ್ಷ ಹೊತ್ತು ತಿರುಗಿದ್ದನ್ನು ಇಳಿಸಲು ಆಕೆಗೆ ಬೇಕಾದದ್ದು ಎರಡು ನಿಮಿಷ.

"ಟೈಮ್ ಎಷ್ಟಾತು ಅಂದ್ಲು ಅಕ್ಕಾ. ಮೂರೂವರಿ ಅಂದ್ನಿ. ಉಸರ ಎಳ್ಯಾಕತ್ತಿತ್ತು. 'ಅಣ್ಣಾ ಗಿಡದ ಬುಡಕ ಕುಂತಾರ ಯಕ್ಕಾ, ಖಿಡಕ್ಯಾಗ ಕಾಣ್ತಾರ, ಓಡಿ ಹೋಗಿ ಕರೀಲೇನು?' ಅಂತ ಕೇಳಿದ್ನಿ. 'ಬ್ಯಾಡ. ನಾಕಕ್ಕ ಬರ್ತಾರ ಅವರು. ಟೈಮ್ ಇಲ್ದಾಗ ಒಳಗ ಬಂದ್ರ ಯಾರರ ಏನರ ಅಂದಾರು ಅವರಿಗೆ' ಅಂದ್ಲು. ಆಮ್ಯಾಲ ಮಗ್ಗಲಾ ಖಿಡಕಿ ಕಡೆ ಹೊಳ್ಳಸು ಅಂದ್ಲು. ಹೊಳ್ಳಸಿದ್ನಿ. ನೋಡಕೋತ ಹ್ವಾದ್ಲು."

ಬೀದಿಯಲ್ಲಿ ಒಂದು ಆಟೋ ಹಾದುಹೋಯಿತು. ಹೊಳೆಪ್ಪನವರು ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚಿ, ಮತ್ತೆ ಹಾಕಿ, ಬಹಳ ಮೆಲ್ಲಗೆ ಕೇಳಿದರು:

"ನಾ ಛಂದಂಗ ಕಾಣಸ್ತಿದ್ನೇನವಾ ಅಲ್ಲಿಂದ?"

"ಛಲೋ ಕಾಣಸ್ತಿದ್ರಿ" ಎಂದಳು ಗುಡ್ಡವ್ವ. ಸುಳ್ಳು ಹೇಳುವ ವೃತ್ತಿ ಆಕೆಯದಾಗಿರಲಿಲ್ಲ. "ನೀವು ಗಡ್ಯಾರ ನೋಡಾಕತ್ತಿದ್ರಿ."

ಗೋಕಾಕದ ಬಸ್ಸಿಗೆ ನಾವು ಸ್ಟ್ಯಾಂಡಿಗೆ ಬಂದಾಗ ಅದು ಹೊರಡಲು ಸಿದ್ಧವಾಗಿತ್ತು. ನಾನು, ಅಭ್ಯಾಸಬಲದಿಂದ, ಓಡಿದೆ. ಹಿಂದಿರುಗಿ ನೋಡಿದರೆ ಅವರು ನಡೆದೇ ಬರುತ್ತಿದ್ದರು, ಎಲ್ಲಿಯೂ ನಿಲ್ಲದೆ, ಮಣಿಕಟ್ಟು ತಿರುಗಿಸದೆ. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ನಾನು ಕೇಳಿದೆ. ಅವರಿಗೆ ಗೊತ್ತಿಲ್ಲದಿರುವುದು ಸಾಧ್ಯವೇ ಇರಲಿಲ್ಲ. ಹೇಳಲಿಲ್ಲ.

ಕಾಲೇಜಿನ ಪಾಠದ ಜೊತೆಗೆ ಇಂಥ ಮನುಷ್ಯರ ಮೇಲೆ ನಗೆಬರಹ ಬರೆದು ನಾಲ್ಕು ಕಾಸು ಕಂಡವನು ನಾನು. ಊರಿನ ಗಾಡಿಗಳೆಲ್ಲ ಹೊತ್ತಿಗೆ ಸರಿಯಾಗಿ ಹೊರಡುವುದು, ಶಾಲೆ ಕಚೇರಿಗಳ ಗಂಟೆ ಹೊಡೆಯುವುದು ಇವರ ದೆಸೆಯಿಂದ. ತಮ್ಮನ್ನು ಯಾರೂ ಒಂದು ಮಾತು ಅನ್ನಬಾರದೆಂದು ನಿಯಮವನ್ನೇ ಅಂಗಿಯಂತೆ ತೊಟ್ಟು ಬದುಕುವ ಇವರಿಗೆ, ಅದನ್ನು ಕಳಚಿಡಬಹುದಾದ ಒಂದು ಗಳಿಗೆ ಬಂದಾಗ ಗುಂಡಿ ಎಲ್ಲಿದೆಯೆಂದು ತಿಳಿಯುವುದಿಲ್ಲ. ನಾನು ಹುಟ್ಟಿದಾಗಿನಿಂದ ಎಲ್ಲದಕ್ಕೂ ತಡವಾಗಿ ಹೋದವನು. ಅವ್ವ ಹೋದ ದಿನವೂ ತಡವಾಗಿಯೇ ಹೋದೆ. ಅಕ್ಕಂದಿರು ಬೈದರು, ಅತ್ತರು, ಆಮೇಲೆ ತಟ್ಟೆಯಲ್ಲಿ ಅನ್ನ ಹಾಕಿ ಮುಂದಿಟ್ಟರು. ತಡವಾಗಿ ಬಂದವನನ್ನು ಬೈದು ಕ್ಷಮಿಸಲು ಜನ ಇದ್ದೇ ಇರುತ್ತಾರೆ. ಹೇಳಿದ ಹೊತ್ತಿಗೆ ಬರೋಬ್ಬರಿ ಬಂದವನ ತಪ್ಪನ್ನು ಯಾರು ತೋರಿಸಬೇಕು, ಯಾರ ಬಳಿ ಅವನು ಕ್ಷಮೆ ಕೇಳಬೇಕು?