ಪಕ್ಕದ ಸೀಟು

ಊರುಗೋಲು ಊರಿಕೊಂಡು ಚೂಟಿ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಹೆಂಡತಿ ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈಚೀಲ ಇಟ್ಟುಬಿಟ್ಟಳು. ಎದುರಿಗೆ, ಮುಚ್ಚಿದ ಶವಪೆಟ್ಟಿಗೆಯಲ್ಲಿ ಗಂಡನಿದ್ದ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ಕೈಕೊಟ್ಟು ವಿಮಾನ ಬಯಲಿಗೆ ಬಿದ್ದಿತ್ತು. ಹಿಂಬದಿಯ ಬಾಗಿಲ ಬಳಿ, ಸಿಬ್ಬಂದಿಯ ಜೋಡಿ ಸೀಟಿನಲ್ಲಿ ಕೂತಿದ್ದವರು ಪರಿಚಾರಕನಾದ ಅವನು, ಜೊತೆಯ ಗಗನಸಖಿ ಚೂಟಿ. ಬದುಕಿದವಳು ಚೂಟಿ.

"ಪಾಪ, ಆ ಹುಡುಗೀನ ಕೂರಿಸ್ಕೊಳ್ಳೇ," ಅಂದರು ಅತ್ತೆ. "ನನ್ನ ಮಗನ ಜೊತೆ ಕೊನೇ ತನಕ ಇದ್ದೋಳು."

ಆ ಮಾತೇ ಹೊಟ್ಟೆಗೆ ಬೆಂಕಿ ಇಟ್ಟಿತು. ಕೊನೇ ತನಕ ಇರಬೇಕಾದವಳು ಯಾರು? ಬಂದವರೆಲ್ಲ ಹೆಂಡತಿಯ ಭುಜ ಸವರಿ, ನೇರ ಚೂಟಿಯ ಸುತ್ತ ನೆರೆಯುತ್ತಿದ್ದರು. ಏನಂದ್ರು? ಯಾರನ್ನ ನೆನೆಸ್ಕೊಂಡ್ರು? ಗಂಡನ ಕೊನೆಯ ಗಳಿಗೆಯೆಂಬ ಆಸ್ತಿಯೆಲ್ಲ ಅವಳ ಹೆಸರಿಗೇ ಆದ ಹಾಗಿತ್ತು.

*

ಹೆಂಡತಿ ಅವನ ವಿಮಾನ ಹತ್ತಿದ್ದು ಒಮ್ಮೆ ಮಾತ್ರ. ಗಾಡಿ ತಳ್ಳಿಕೊಂಡು ಬಂದ ಗಂಡ ಬಾಗಿ, "ಕಾಫಿನಾ, ಟೀನಾ ಮೇಡಂ?" ಅಂದಾಗ ನಗು ತಡೆಯಲಾಗಲಿಲ್ಲ. ವಿಮಾನ ನೆಲಕ್ಕಿಳಿಯುವ ಹೊತ್ತಿಗೆ ಆ ನಗು ಹಾರಿಹೋಗಿತ್ತು. ತಿರುಗಿ ನೋಡಿದರೆ, ಹಿಂದಿನ ಪುಟ್ಟ ಸೀಟಿನಲ್ಲಿ ಅವನು ಚೂಟಿಯ ಭುಜಕ್ಕೆ ಭುಜ ತಾಗಿಸಿ ಕೂತಿದ್ದ. ಇಬ್ಬರೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಏನೋ ಬಚ್ಚಿಟ್ಟುಕೊಂಡವರ ಹಾಗೆ ಸುಮ್ಮನಿದ್ದರು.

ಮನೆಗೆ ಬಂದವಳೇ ಕೂಗಾಡಿದಳು. "ನಿಮ್ಮ ಚೂಟಿಗೆ ಅಂಟ್ಕೊಂಡು ಕೂತಿದ್ರಲ್ಲ!"

ಅವನು ಮಂಚದ ಮೇಲೆ ಕೂತು ಕೈಗಳನ್ನು ತೊಡೆಯ ಕೆಳಗಿಟ್ಟ. "ಏರೋವಾಗ, ಇಳಿಯೋವಾಗ ಹೀಗೇ ಕೂರ್ಬೇಕು ಕಣೇ, ರೂಲ್ಸು. ಅಪ್ಪಳಿಸಿದ್ರೆ ಕೈ ಮುರೀಬಾರದು. ಬಾಗಿಲು ತೆಗೆಯೋಕೆ ಕೈ ಬೇಕಲ್ಲ!"

ಅಂದಿನಿಂದ ಅವಳಿಗೆ ಸಿಟ್ಟು ಬಂದಾಗಲೆಲ್ಲ ಹಾಗೇ ಕೂತು, "ಟೇಕಾಫ್ ಶುರುವಾಯ್ತು," ಅನ್ನುತ್ತಿದ್ದ. ಅವಳು ನಗದೆ ವಿಧಿಯಿರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ.

*

ಪೆಟ್ಟಿಗೆ ಏರಿಸಿದ ವ್ಯಾನಿನಲ್ಲಿ ಉಳಿದದ್ದು ಇಬ್ಬರು ಕೂರುವಷ್ಟು ಜಾಗ. "ನನ್ನ ಕೈಲಾಗಲ್ಲ, ನೀನು ಹತ್ತಮ್ಮ," ಎಂದು ಅತ್ತೆ ಚೂಟಿಯನ್ನೇ ಹತ್ತಿಸಿದರು. ಈ ಸೀಟಿಗೆ ಕೈಚೀಲ ಅಡ್ಡ ಇಡುವಂತಿರಲಿಲ್ಲ.

ಹೆಂಡತಿ ಕೇಳಿಯೇಬಿಟ್ಟಳು. "ಬೀಳೋವಾಗ ಅವರು ನಿನ್ನ ಕೈ ಹಿಡ್ಕೊಂಡ್ರಾ?"

ಚೂಟಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. "ನಾನೇ ಹಿಡ್ಕೊಳ್ಳೋಕೆ ಹೋದೆ ಅಕ್ಕ. ಜೀವ ಬಾಯಿಗೆ ಬಂದಿತ್ತು. 'ಕೈ ಕೆಳಗೆ!' ಅಂತ ಗದರಿದ್ರು. ಅದೇ ಕೊನೇ ಮಾತು. ಅವರ ಕೈ ಆಚೆ ಬರಲೇ ಇಲ್ಲ. ಆಮೇಲೆ ನಾನು ಬಾಗಿಲು ತೆಗೆದದ್ದು ಈ ಕೈಲೇ."

ಹೆಂಡತಿಗೆ ಮೊದಲು ಆದದ್ದು ಸಮಾಧಾನ. ಗೆದ್ದೆ ಅನ್ನಿಸಿತು. ಅಷ್ಟರಲ್ಲಿ ವ್ಯಾನಿನ ಎಂಜಿನ್ ಗುರ್ ಎಂದಿತು. ಚೂಟಿ ಕಣ್ಣು ಮುಚ್ಚಿದಳು. ಊರುಗೋಲು ಹಿಡಿಯದ ಕೈ ತಾನಾಗಿ ತೊಡೆಯ ಕೆಳಗೆ ಸರಿಯಿತು.

ಹೆಂಡತಿ ಅದನ್ನು ಆಚೆಗೆಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಳು.