ಗೌರವ್ವನ ಸೀಲು

ನಾನು ಪಂಪಿಗೆ ಹಾಕಿದ ಸೀಲನ್ನು ಇನ್ನೊಬ್ಬರು ಒಡೆದರೆ ನನ್ನ ಮೂಗು ಕೊಯ್ದಂತೆಯೇ. ಗೋಕಾಕದಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುವ ಹೆಂಗಸು ನಾನೊಬ್ಬಳೇ. ಗಂಡ ತೀರಿಕೊಂಡ ಮೇಲೆ ಅವರ ಬೆಂಚಿನ ಮುಂದೆ ನಾನು ನಿಂತೆ. ಎಂಟು ವರ್ಷದಿಂದ ಮೂಡಲಗಿಯ ಟ್ರ್ಯಾಕ್ಟರು, ಹುಕ್ಕೇರಿಯ ಟ್ರಕ್ಕು ಎಲ್ಲವೂ ನನ್ನ ಕೈಯಲ್ಲಿ ಹಾದುಹೋಗಿವೆ. ಆದರೂ ಒಂದು ಗಾಡಿ ಕೆಮ್ಮಿದರೆ ಸಾಕು, "ಹೆಣ್ಮಗಳ ಕೈಯಾಗ ಪಂಪ್ ಕೊಟ್ರ ಇನ್ನೇನ ಆಕ್ಕೈತಿ" ಎನ್ನಲು ನಾಲಿಗೆ ತುರಿಸುವವರಿದ್ದಾರೆ.

೨೦೦೪ರಲ್ಲಿ, ದೀಪಾವಳಿ ಮುಗಿದ ವಾರ, ಕಣಗಲಾದ ನೇಮಣ್ಣನ ಕಾರು ಕೆಮ್ಮಿತು. ನೇಮಣ್ಣ ಕಬ್ಬು ಬೆಳೆಯುವ ಜೈನರ ಮನೆಯವನು, ಕಾರಿನ ಹುಚ್ಚಿನವನು. ಹಳೆಯ ಕಾರಿಗೆ ಡೀಸೆಲ್ ಎಂಜಿನ್ನು, ಅದರ ಮೇಲೆ ಕೊಲ್ಲಾಪುರದ ಗುಜರಿಯಿಂದ ತಂದ ಟರ್ಬೊ. ಎಂಜಿನ್ನಿಗೆ ಒತ್ತಿ ಗಾಳಿ ತುಂಬುವುದು ಟರ್ಬೊದ ಕೆಲಸ, ಆ ಗಾಳಿಗೆ ತಕ್ಕಷ್ಟು ಡೀಸೆಲ್ ಕೊಡುವುದು ಪಂಪಿನ ಕೆಲಸ. ಜೋಡಿಸಿದವನು ಎದುರು ಗ್ಯಾರೇಜಿನ ಉದ್ದಪ್ಪ, ಪಂಪು ಹೊಂದಿಸಿ, ಅದರ ಸ್ಕ್ರೂ ಯಾರೂ ತಿರುಗಿಸದಂತೆ ಸೀಲು ಹಾಕಿದವಳು ನಾನು. ಸಪಾಟು ರಸ್ತೆಯಲ್ಲಿ ಕುದುರೆಯಂತೆ ಓಡುವ ಕಾರು ಏರಿನಲ್ಲಿ ಒಂದು ನಿಮಿಷ ಎಳೆದು ಸತ್ತುಹೋಗುತ್ತಿತ್ತು. ಐದು ನಿಮಿಷ ಬಿಟ್ಟರೆ ಮತ್ತೆ ಏನೂ ಆಗಿಲ್ಲದಂತೆ ಓಡುತ್ತಿತ್ತು.

"ಪಂಪ್ ಕಡಿಮಿ ಹೊಡಿತೈತಿ. ಸೀಲ್ ಒಡದ ಸ್ಕ್ರೂ ಎರಡ ಸುತ್ತ ತಿರುವತೇನಿ," ಎಂದ ಉದ್ದಪ್ಪ, ಹತ್ತು ಜನ ಡ್ರೈವರುಗಳ ಮುಂದೆ.

"ಮುಟ್ಟಿ ನೋಡ! ಡೀಸೆಲ್ ಹೆಚ್ಚಾಗಿ ಪಿಸ್ಟನ್ ಕರಗಿದ್ರ ನಿಮ್ಮಪ್ಪ ತಂದ ಹಾಕ್ತಾನೇನ?"

"ಸಂಜಿಮಟಾ ಟೈಮ್ ತಗೋ ಗೌರವ್ವ. ನಿನ್ನ ಪಂಪ್ ಸರಿ ಐತಿ ಅಂತ ತೋರ್ಸು. ಆಗಲಿಲ್ಲಂದ್ರ ಎಲ್ಲಾರ ಮುಂದ ಸೀಲ್ ಒಡಿತೇನಿ. ಆಮ್ಯಾಲ ನನ್ನ ಗ್ಯಾರೇಜಿಂದ ಒಂದ ಪಂಪೂ ನಿನ್ನ ಕಡೆ ಬರೂದಿಲ್ಲ."

ನನ್ನ ಅರ್ಧ ಕೆಲಸ ಬರುತ್ತಿದ್ದುದೇ ಅವನ ಗ್ಯಾರೇಜಿನಿಂದ. ಆದರೂ ನನ್ನ ಅಂಗಡಿಯ ಡೀಸೆಲ್ಲನ್ನೇ ಒಂದು ಕ್ಯಾನಿಗೆ ತುಂಬಿ, ರಬ್ಬರ್ ಪೈಪು ತೆಗೆದುಕೊಂಡು ನೇಮಣ್ಣನ ಬಾಜೂ ಕುಳಿತೆ.

ಕಣಗಲಾ ದಾಟಿ ತವಂದಿ ಘಾಟಿನ ಏರು ಹಿಡಿದೆವು. ಟರ್ಬೊ ಸಿಳ್ಳು ಹಾಕಿತು, ಬೆನ್ನು ಸೀಟಿಗೆ ಒತ್ತಿತು. ಲಾರಿಯೊಂದನ್ನು ಹಿಂದೆ ಹಾಕಲು ಬಲಕ್ಕೆ ಹೊರಳಿದ್ದೇ ತಡ, ಕಾರು ಉಸಿರು ಬಿಟ್ಟಿತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಜೀವ ತಿಂದ. ನೇಮಣ್ಣ ಬೆವರುತ್ತ ಹೇಗೋ ಅಂಚಿಗೆ ತಂದ.

"ಪಂಪಽ ಅನಸ್ತೈತ್ರಿ ಅಕ್ಕಾರ," ಎಂದ ಮೆಲ್ಲಗೆ.

"ಬಾಯಿ ಮುಚ್ಚಿ ಬಾನೆಟ್ ತಗೀರಿ!"

ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ, ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ರಬ್ಬರ್ ಪೈಪು ಎಳೆದು ನೇರವಾಗಿ ಪಂಪಿಗೆ ಕೊಟ್ಟೆ. ಕೆಳಗಿಳಿದು ಮತ್ತೆ ಅದೇ ಏರು. ಒಂದು ನಿಮಿಷವಾಯಿತು. ಎರಡಾಯಿತು. ಸೀರೆಯೆಲ್ಲ ಡೀಸೆಲ್ ಆಯಿತು, ಕಾರು ಒಮ್ಮೆಯೂ ಕೆಮ್ಮಲಿಲ್ಲ. ಘಾಟಿನ ತುದಿಯಲ್ಲಿ ನಾನು ಹುಚ್ಚಿಯಂತೆ ನಕ್ಕೆ. ಪಂಪು ಸರಿಯಾಗಿತ್ತು, ರೋಗವಿದ್ದದ್ದು ಟ್ಯಾಂಕಿನಲ್ಲಿ.

ನೇಮಣ್ಣನ ಮನೆಯಂಗಳದಲ್ಲಿ ಟ್ಯಾಂಕು ಇಳಿಸಿದೆವು. ಒಳಗೆ ಪೈಪಿನ ಬಾಯಿಗಿದ್ದ ಜಾಳಿಗೆಗೆ ಬಿಳಿ ಅರಳೆಯಂಥದ್ದು ಮೆತ್ತಿಕೊಂಡಿತ್ತು. ಎಂಜಿನ್ನು ಜೋರಾಗಿ ಎಳೆದಾಗ ಬಂದು ಬಾಯಿ ಮುಚ್ಚುತ್ತದೆ, ನಿಲ್ಲಿಸಿದರೆ ಬಿಟ್ಟುಹೋಗುತ್ತದೆ.

"ಡೀಸೆಲ್ ಎಲ್ಲಿ ತುಂಬಸ್ತೀರಿ?"

"ಮನ್ಯಾಗಽ ರಿ, ಬ್ಯಾರಲ್ಲಿನಿಂದ. ಆಯಿ ಗಾಳಿಸಿ ಕೊಡ್ತಾಳ."

ಹಗ್ಗದ ಮೇಲೆ ಡೀಸೆಲ್ ಸೋಸುವ ಹಳೆಯ ಧೋತರದ ತುಂಡೊಂದು ಎರಡು ಮಡಿಕೆಯಾಗಿ ಒಣಗುತ್ತಿತ್ತು, ಮುಟ್ಟಿದರೆ ನೂಲು ಉದುರುವಂಥದ್ದು. ಅವನ ತಾಯಿ ಇಂದುಬಾಯಿ ಬಾಗಿಲಲ್ಲಿ ನಿಂತಿದ್ದರು. "ಗಾಳಿಸದ ನೀರು ನಾವು ಮುಟ್ಟೂದಿಲ್ಲವಾ. ಬ್ಯಾರಲ್ಲಿನಾಗ ಹುಳ ಬಿದ್ದಿದ್ರ ಪಾಪ, ಎಂಜಿನ್ದಾಗ ಸುಟ್ಟ ಹೋಗ್ತಾವಲ್ಲ ಅಂತ."

ನೇಮಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾರ, ಆಯಿ ಹೆಸರು ಹೇಳಬ್ಯಾಡ್ರಿ. ಡ್ರೈವರ್ ಮಂದಿ ನಕ್ಕೋತ ತಿರಗತಾರ. ಪಂಪಿನಾಗ ಸಣ್ಣ ದೋಷ ಇತ್ತು, ತಗದೆ ಅಂದಬಿಡ್ರಿ."

"ನಿಮ್ಮ ಆಯಿಗೆ ಮಾನ ಐತಿ, ನನ್ನ ಮಾನ ಬೀದ್ಯಾಗ ಬಿದ್ದೈತೇನ್ರಿ?" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಆ ಮುದುಕಿಯ ಮುಖ ನೋಡಿದೆ. ಮಗನ ಕಾರಿಗಾಗಿ ಕೈ ನಾರುವಷ್ಟು ಡೀಸೆಲ್ ಸೋಸಿದವರು. ಅವರನ್ನು ಉದ್ದಪ್ಪನ ಬಾಯಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಸುಳ್ಳು ಹೇಳಲೂ ಆಗದು. ಅಳುತ್ತಲೇ ಟ್ಯಾಂಕು ತೊಳೆದು ಕೂಡಿಸಿದೆ.

ಹೊರಡುವಾಗ ಇಂದುಬಾಯಿ ಚಪ್ಪಲಿ ಮೆಟ್ಟಿಕೊಂಡು ಬಂದು ಕಾರಿನಲ್ಲಿ ಕುಳಿತರು.

"ಆಯಿ, ಗೋಕಾಕ ಮುಟ್ಟೂದ್ರಾಗ ಹೊತ್ತು ಮುಳಗತೈತಿ. ನಿನ್ನ ಊಟ?" ನೇಮಣ್ಣ ಗಾಬರಿಯಾದ. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುವುದಿಲ್ಲ, ನೀರೂ ಇಲ್ಲ.

"ಆಗಲಿ, ನಡಿ."

ಉದ್ದಪ್ಪನ ಗ್ಯಾರೇಜಿನ ಮುಂದೆ ಆ ಹತ್ತೂ ಜನ ಕಾಯುತ್ತಿದ್ದರು. ಇಂದುಬಾಯಿ ನಮಗಿಂತ ಮೊದಲು ಇಳಿದರು.

"ನೀರು ಗಾಳಿಸಿದಂಗ ಡೀಸೆಲ್ ಗಾಳಿಸಿದೆ. ಅರಿವಿ ನೂಲು ಟ್ಯಾಂಕಿನಾಗ ಹೋಗಿತ್ತು. ತಪ್ಪು ನಂದು. ಈಕಿ ಪಂಪಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಯಾರೂ ನಗಲಿಲ್ಲ. "ಆತ್ರಿ ಆಯಿ," ಎಂದ ಉದ್ದಪ್ಪ, ನನ್ನ ಮುಖ ನೋಡದೆ.

ನಾನು ಅವರನ್ನು ಅಂಗಡಿಯೊಳಗೆ ಕೂರಿಸಿದೆ. ದಾರಿಯ ಧೂಳಿಗೆ ಅವರ ತುಟಿ ಒಣಗಿತ್ತು. ಅಭ್ಯಾಸದಂತೆ ನೀರಿನ ತಂಬಿಗೆ ಹಿಡಿದು ಅವರ ಬಳಿ ಹೋದೆ. ಇಂದುಬಾಯಿ ಹೊರಗಿನ ಕತ್ತಲೆ ನೋಡಿ, ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ನಾಳೆ ಕುಡಿತೇನಿ ಮಗಳ," ಎಂದರು.